ತೊಲೆಗೊಂದು ಅರ್ಥ, ಬೊಂಬೆಗೊಂದು ಅರ್ಥ: ಮರದ ಸರಕಿನ ಮೇಲೆ ಸಿಇ ಗುರುತು

ಸ್ಪ್ರೂಸ್ ಮರದ ಒಂದೇ ದಿಮ್ಮಿಯಿಂದ ಮೂರು ವಸ್ತು ತಯಾರಾದವು ಎಂದುಕೊಳ್ಳೋಣ: ಚಾವಣಿಗೊಂದು ತೊಲೆ, ಊಟದ ಮನೆಗೊಂದು ಕುರ್ಚಿ, ಮಗುವಿಗೊಂದು ಆಟದ ಬಂಡಿ. ಯುರೋಪಿನ ಮಾರುಕಟ್ಟೆಯಲ್ಲಿ ತೊಲೆಗೆ ಸಿಇ ಗುರುತು ಬೇಕೇ ಬೇಕು, ಬಂಡಿಗೂ ಬೇಕು. ಕುರ್ಚಿಗೆ ಮಾತ್ರ ಬೇಡ. ಬೇಡವೆಂದರೆ ಹಾಕಿದರೂ ನಡೆದೀತು ಎಂದಲ್ಲ. ಯುರೋಪಿಯನ್ ಒಕ್ಕೂಟದ 2008ರ 765ನೇ ನಿಯಮಾವಳಿಯ 30ನೇ ವಿಧಿಯಂತೆ, ಯಾವ ಸರಕಿಗೆ ಪ್ರತ್ಯೇಕ ಕಾನೂನು ಈ ಗುರುತನ್ನು ವಿಧಿಸಿದೆಯೋ ಅದರ ಮೇಲಷ್ಟೇ ಅದನ್ನು ಒತ್ತಬಹುದು. ಕುರ್ಚಿಯ ಮೇಲೆ ಒತ್ತಿದರೆ ಅದೇ ಅಪರಾಧ.

ಐಎಸ್‌ಐ ಮುದ್ರೆಗೆ ಒಗ್ಗಿದ ಕಣ್ಣಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಐಎಸ್‌ಐ ಮುದ್ರೆಗೆ ಭಾರತೀಯ ಮಾನಕ ಬ್ಯೂರೋ ಪರವಾನಗಿ ಕೊಡಬೇಕು. ಸಿಇ ಗುರುತನ್ನು ಯಾವ ಕಚೇರಿಯೂ ಕೊಡುವುದಿಲ್ಲ. ತಯಾರಕ ತನ್ನ ಹೊಣೆಯ ಮೇಲೆ ತಾನೇ ಒತ್ತಿಕೊಳ್ಳುತ್ತಾನೆ. ಹೆಚ್ಚು ಅಪಾಯದ ಸರಕಿನಲ್ಲಿ ಹೊರಗಿನ ಅಧಿಸೂಚಿತ ಸಂಸ್ಥೆಯೊಂದು ನಡುವೆ ಬರುತ್ತದೆ, ಅಷ್ಟೆ. ಇನ್ನೂ ಮುಖ್ಯವಾದ ಸಂಗತಿ ಬೇರೆಯೇ ಇದೆ. ತೊಲೆ ಮತ್ತು ಬಂಡಿಯ ಮೇಲೆ ಕಾಣುವ ಅಕ್ಷರಗಳೆರಡೂ ಒಂದೇ ಆದರೂ, ಅವು ಹೇಳುವ ಮಾತು ಒಂದೇ ಅಲ್ಲ.

ಮೊದಲು ತೊಲೆ. ಕಟ್ಟಡ ಸಾಮಗ್ರಿಗಳ ಕುರಿತ ಹಳೆಯ ನಿರ್ದೇಶನವನ್ನು (89/106) ಬ್ರಿಟನ್, ಐರ್ಲೆಂಡ್, ಸ್ವೀಡನ್‌ನಂಥ ದೇಶಗಳು ಕಡ್ಡಾಯವೆಂದು ಓದಿರಲಿಲ್ಲ. 2011ರ 305ನೇ ನಿಯಮಾವಳಿ ಆ ಸಡಿಲವನ್ನು ಮುಚ್ಚಿತು. 2013ರ ಜುಲೈ 1ರಿಂದ ಗುರುತು ಎಲ್ಲೆಡೆ ಕಡ್ಡಾಯವಾಯಿತು. ಆದರೆ ಈ ಕಾನೂನು ‘ತೊಲೆ ಸುರಕ್ಷಿತ’ ಎಂದು ಎಲ್ಲಿಯೂ ಹೇಳಿಸುವುದಿಲ್ಲ. ತಯಾರಕ ತನ್ನ ಸರಕಿನ ಗುಣಗಳನ್ನು ಒಂದು ಕಾರ್ಯಕ್ಷಮತಾ ಘೋಷಣೆಯಲ್ಲಿ ಬರೆದುಕೊಡಬೇಕು. ಸರಕು ಆ ಬರಹಕ್ಕೆ ತಕ್ಕಂತಿದೆ ಎಂಬುದಕ್ಕಷ್ಟೇ ಗುರುತು ಸಾಕ್ಷಿ. ಇಎನ್ 14081 ಮಾನಕದಡಿ ಗಂಟುಗಳನ್ನು, ಎಳೆಯ ಓರೆಯನ್ನು, ಸೀಳುಗಳನ್ನು ಕಣ್ಣಿನಿಂದಲೋ ಯಂತ್ರದಿಂದಲೋ ನೋಡಿ ಮರವನ್ನು ವಿಂಗಡಿಸುತ್ತಾರೆ. ‘ಸಿ24’ ಎಂದರೆ ಬಾಗುವಿಕೆಯಲ್ಲಿ ಚದರ ಮಿಲಿಮೀಟರಿಗೆ 24 ನ್ಯೂಟನ್ ಬಲ. ಇದು ಸರಾಸರಿಯಲ್ಲ, ಆ ದರ್ಜೆಯ ನೂರು ತುಂಡುಗಳಲ್ಲಿ ತೊಂಬತ್ತೈದು ಮೀರಬೇಕಾದ ಕೆಳಮಟ್ಟ. ಅಧಿಸೂಚಿತ ಸಂಸ್ಥೆ ಪ್ರಮಾಣೀಕರಿಸುವುದು ಕಾರ್ಖಾನೆಯೊಳಗಿನ ಈ ವಿಂಗಡಣೆಯ ಶಿಸ್ತನ್ನು. ಸಿ24 ತೊಲೆ ನಿರ್ದಿಷ್ಟ ಚಾವಣಿಗೊಂದಕ್ಕೆ ಸಾಕೋ ಸಾಲದೋ ಎಂಬುದು ಎಂಜಿನಿಯರ್‌ಗೂ ಆಯಾ ದೇಶದ ಕಟ್ಟಡ ಕಾನೂನಿಗೂ ಬಿಟ್ಟದ್ದು.

ವ್ಯವಸ್ಥೆ ಎಲ್ಲಿ ತೊಡರುತ್ತದೆ ಎಂಬುದಕ್ಕೆ ನಾರ್ವೆಯ ಬ್ರುಮುನ್‌ಡಾಲ್‌ನ ಮ್ಯೋಸ್‌ಟಾರ್ನೆಟ್ ನೋಡಬೇಕು. 2019ರಲ್ಲಿ ಮುಗಿದ ಹದಿನೆಂಟು ಮಹಡಿಯ, 85.4 ಮೀಟರ್ ಎತ್ತರದ ಈ ಮರದ ಕಟ್ಟಡದ ಕಂಬ–ತೊಲೆಗಳು ಗ್ಲೂಲ್ಯಾಮ್, ಅಂದರೆ ಅಂಟಿಸಿದ ಪದರಗಳ ಮರ. ಲಿಫ್ಟಿನ ಗೋಡೆಗಳಿಗೆ ಬಳಸಿದ್ದು ಪದರಗಳನ್ನು ಅಡ್ಡಡ್ಡ ಜೋಡಿಸಿದ ಸಿಎಲ್‌ಟಿ ಹಲಗೆ. ಗ್ಲೂಲ್ಯಾಮ್‌ಗೆ ಇಎನ್ 14080 ಎಂಬ ಸಮನ್ವಿತ ಮಾನಕವಿದೆ, ಅಂದರೆ ಗುರುತಿಗೆ ನೇರ ಆಧಾರವಾಗುವ ಮಾನಕ. ಸಿಎಲ್‌ಟಿಗಾಗಿ ಬರೆದ ಇಎನ್ 16351 ಪ್ರಕಟವಾದರೂ ಒಕ್ಕೂಟದ ಅಧಿಕೃತ ಪತ್ರದಲ್ಲಿ ಜಾಗ ಪಡೆಯಲಿಲ್ಲ. ಹಾಗಾಗಿ ಸಿಎಲ್‌ಟಿ ತಯಾರಕರು ಯುರೋಪಿಯನ್ ತಾಂತ್ರಿಕ ಮೌಲ್ಯಮಾಪನ ಎಂಬ ಬಳಸುದಾರಿಯಲ್ಲಿ ಗುರುತಿಗೆ ತಲುಪುತ್ತಾರೆ.

ಇಂಥ ಬಿಕ್ಕಟ್ಟಿನ ಹಿಂದೆ ಕಲ್ಲಿನ ಕಥೆಯೂ ಒಂದಿದೆ. ಡಬ್ಲಿನ್‌ನ ಬ್ಯಾಲಿಮನ್‌ನಲ್ಲಿ ಯುವಕೇಂದ್ರವೊಂದರ ನೆಲದಡಿ ತುಂಬಿದ ಜಲ್ಲಿಯಲ್ಲಿ ಪೈರೈಟ್ ಇದ್ದು ಕಟ್ಟಡ ಬಿರುಕು ಬಿಟ್ಟಿತು. 2016ರ ಅಕ್ಟೋಬರ್ 27ರಂದು ಇದರಿಂದ ಹುಟ್ಟಿದ ವ್ಯಾಜ್ಯದಲ್ಲಿ (ಜೇಮ್ಸ್ ಎಲಿಯಟ್ ಪ್ರಕರಣ) ಯುರೋಪಿಯನ್ ನ್ಯಾಯಾಲಯ, ಸಮನ್ವಿತ ಮಾನಕಗಳೂ ಒಕ್ಕೂಟದ ಕಾನೂನಿನ ಭಾಗವೇ ಎಂದು ತೀರ್ಪಿತ್ತಿತು. ಮಾನಕವೇ ಕಾನೂನಾದ ಮೇಲೆ ಪ್ರತಿ ಸಾಲನ್ನೂ ಕಾನೂನಿನ ಕಣ್ಣಲ್ಲಿ ಜರಡಿ ಹಿಡಿಯುವುದು ಯುರೋಪಿಯನ್ ಆಯೋಗಕ್ಕೆ ಅನಿವಾರ್ಯವಾಯಿತು. ಕಟ್ಟಡ ಮಾನಕಗಳ ಕಡತಗಳು ಹೆಚ್ಚುಕಡಿಮೆ ನಿಂತೇ ಹೋದವು. 2024ರ 3110ನೇ ನಿಯಮಾವಳಿ ಬಂದದ್ದು ಈ ಗಂಟು ಬಿಡಿಸಲು. ಅದು ‘ಕಾರ್ಯಕ್ಷಮತೆ’ಯ ಜೊತೆಗೆ ‘ಅನುಸರಣೆ’ಯನ್ನೂ ಘೋಷಿಸಿ ಎನ್ನುತ್ತದೆ. ಅಂದರೆ ತೊಲೆಯ ಗುರುತಿನ ಅರ್ಥ ಬೊಂಬೆಯ ಗುರುತಿನ ಕಡೆಗೆ ನಿಧಾನವಾಗಿ ವಾಲುತ್ತಿದೆ.

ಗುರುತಿಲ್ಲದ ಕುರ್ಚಿ ಕಾನೂನಿಲ್ಲದ ಕುರ್ಚಿಯಲ್ಲ. 2023ರ 988ನೇ ಸಾಮಾನ್ಯ ಸುರಕ್ಷತಾ ನಿಯಮಾವಳಿ ಅದಕ್ಕೆ ಅನ್ವಯಿಸುತ್ತದೆ. ಪಾರ್ಟಿಕಲ್ ಬೋರ್ಡಿನ ಪೀಠೋಪಕರಣವಾದರೆ, ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್‌ಗೆ 2026ರ ಆಗಸ್ಟ್ 6ರಿಂದ ಘನ ಮೀಟರ್ ಗಾಳಿಗೆ 0.062 ಮಿಲಿಗ್ರಾಂ ಮಿತಿ ಇದೆ. ಹಳೆಯ ‘ಇ1’ ದರ್ಜೆಯ ಮಿತಿ 0.124 ಆಗಿತ್ತು; ಹೊಸದು ಸರಿಯಾಗಿ ಅರ್ಧ.

ಬೊಂಬೆಯ ಮೇಲಿನ ಗುರುತು ಮಾತ್ರ ನೇರವಾಗಿ ಸುರಕ್ಷತೆಯ ಮಾತಾಡುತ್ತದೆ. 2009/48 ನಿರ್ದೇಶನದಡಿಯ ಇಎನ್ 71 ಮಾನಕದಲ್ಲಿ ಮೊದಲು ಬರುವುದು ಒಂದು ಪುಟ್ಟ ಲೋಹದ ಕೊಳವೆ. 31.7 ಮಿಲಿಮೀಟರ್ ವ್ಯಾಸದ ಆ ಕೊಳವೆಯೊಳಗೆ ಬೊಂಬೆಯಾಗಲಿ, ಕಳಚಿ ಬಂದ ಅದರ ಚಕ್ರವಾಗಲಿ ಪೂರ್ತಿ ಇಳಿದರೆ, ಮೂರು ವರ್ಷದೊಳಗಿನ ಮಕ್ಕಳಿಗೆ ಅದು ಸಲ್ಲದು. ಆಮೇಲೆ ಬಣ್ಣದ ಸರದಿ. ಮೇಲ್ಪದರವನ್ನು ಕೆರೆದು, ಪುಡಿಯನ್ನು ಅದರ ತೂಕದ ಐವತ್ತು ಪಟ್ಟು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆರೆಸಿ, 37 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕುಲುಕಿ, ಇನ್ನೊಂದು ಗಂಟೆ ಹಾಗೇ ಬಿಡುತ್ತಾರೆ. ಬಣ್ಣ ನುಂಗಿದ ಮಗುವಿನ ಹೊಟ್ಟೆಯ ಅನುಕರಣೆ ಇದು. ಕೆರೆದ ಪದರದಿಂದ ಹೊರಬರುವ ಸೀಸಕ್ಕೆ ಕಿಲೋಗೆ 160 ಮಿಲಿಗ್ರಾಂ ಇದ್ದ ಮಿತಿ 2018ರ ಅಕ್ಟೋಬರ್ 28ರಿಂದ 23ಕ್ಕೆ ಇಳಿದಿದೆ.

ಮರದ ಬೊಂಬೆಗಳ ಊರಾದ ಚನ್ನಪಟ್ಟಣಕ್ಕೆ ಈ ಪ್ರಯೋಗಾಲಯ ಹತ್ತಿರವಾಗುವುದು ಇಲ್ಲಿಯೇ. ಭಾರತದ 2020ರ ಆಟಿಕೆ ಗುಣಮಟ್ಟ ಆದೇಶ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆಯನ್ನು ಕಡ್ಡಾಯಗೊಳಿಸಿದರೂ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕವುಳ್ಳ ಆಟಿಕೆಗಳಿಗೂ ವಿನಾಯಿತಿ ಕೊಟ್ಟಿತು. ಯುರೋಪಿನಲ್ಲಿ ‘ಕೈಯಿಂದ ಮಾಡಿದ್ದು’ ಎಂಬ ಕಾರಣಕ್ಕೆ ಅಂಥ ವಿನಾಯಿತಿಯಿಲ್ಲ. ಲೇತ್‌ನಲ್ಲಿ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಶಾಖಕ್ಕೆ ಕರಗಿದ ಬಣ್ಣವನ್ನು ತಾಳೆಗರಿಯಿಂದ ಮಿರುಗಿಸುವ ಈ ಕಸುಬಿನಲ್ಲಿ ದ್ರಾವಕವೇ ಇಲ್ಲ. ಪರೀಕ್ಷೆ ಗೆಲ್ಲುವುದು ಸುಲಭವೆಂದೇ ತೋರುತ್ತದೆ. ಆದರೆ ಅರಗಿಗೆ ಬೆರೆತ ಹಳದಿ ಅರಿಸಿನದ್ದೋ ಅಂಗಡಿಯ ಪುಡಿಯದ್ದೋ ಎಂಬುದು ಗುಡಿಸಲಿನಿಂದ ಗುಡಿಸಲಿಗೆ ಬದಲಾಗಬಹುದು. ಒಂದು ಬಣ್ಣದ ವರದಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಐದು ಬಣ್ಣದ ಗಿಲಕಿಯೆಂದರೆ ಐದು ಬಾರಿ ಕೆರೆಯುವ ಕೆಲಸ. ಆ ವರದಿಗಳಿರುವ ತಾಂತ್ರಿಕ ಕಡತವನ್ನು ಹತ್ತು ವರ್ಷ ಕಾಪಿಡಬೇಕು. ಆಮದುದಾರನ ಹೆಸರು, ವಿಳಾಸ ಬೊಂಬೆಯ ಮೇಲೋ ಪೊಟ್ಟಣದ ಮೇಲೋ ಇರಬೇಕು. ದೂರು ಬಂದರೆ ಯುರೋಪಿನ ಅಧಿಕಾರಿ ಮೊದಲು ಬಾಗಿಲು ತಟ್ಟುವುದು ಅವನದ್ದೇ. ಹಾಗಾಗಿ ಎಷ್ಟು ಬಣ್ಣ ಬಳಸಬೇಕು, ಪುಡಿಯನ್ನು ಯಾವ ಅಂಗಡಿಯಿಂದ ತರಬೇಕು ಎಂಬುದನ್ನು ಈಗ ಲೇತ್‌ನ ಮುಂದೆ ಕೂತವನಿಗಿಂತ ಮೊದಲು ಆ ಆಮದುದಾರನೇ ತೀರ್ಮಾನಿಸುತ್ತಾನೆ.