ತಲೆ ಲೆಕ್ಕ, ಕೆಮ್ಮಿನ ಲೆಕ್ಕ

ಮನುಷ್ಯರನ್ನು ದಿನವೂ ತಪ್ಪದೆ ಎಣಿಸುವ ಜಾಗ ಜೈಲಿನಷ್ಟು ಬೇರೊಂದಿರಲಾರದು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಎಣಿಕೆ, ಸಂಜೆ ಬೀಗ ಹಾಕುವಾಗ ಎಣಿಕೆ. ಒಂದು ತಲೆ ಕಡಿಮೆಯಾದರೆ ಊರೆಲ್ಲ ಗದ್ದಲ. ಆದರೆ ಆ ತಲೆಗಳಲ್ಲಿ ಎಷ್ಟು ರಾತ್ರಿಯಿಡೀ ಕೆಮ್ಮುತ್ತವೆ ಎಂಬ ಲೆಕ್ಕವನ್ನು ಅಷ್ಟೇ ಕಟ್ಟುನಿಟ್ಟಾಗಿ ಇಡಬೇಕೆಂದು ನಮಗೆ ತೋಚಿದ್ದು ಬಹಳ ತಡವಾಗಿ.

ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಅದನ್ನು ಉದ್ಯಾನವಾಗಿ ಜನರಿಗೆ ತೆರೆದರು. ನಡುವಿನ ಕಾವಲು ಗೋಪುರ ಇನ್ನೂ ನಿಂತಿದೆ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾವು ಕಂಡ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಕೂಡಿಹಾಕಿದ್ದು ಆ ಜೈಲಿನಲ್ಲೇ. ಅವರಿಗಿದ್ದದ್ದು ಕ್ಷಯವಲ್ಲ, ಆಸ್ತಮಾ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಜೈಲಿನ ದಿನಚರಿ ಉಳಿಯಿತು; ಹಾಗಾಗಿ ಅವರು ಪಟ್ಟ ಪಾಡು ನಮಗೆ ಗೊತ್ತಾಯಿತು. ದಿನಚರಿ ಬರೆಯಲು ಬಾರದವರ ಪಾಡು?

ಕ್ಷಯಕ್ಕೆ ಜೈಲಿಗಿಂತ ಅನುಕೂಲದ ಮನೆ ಬೇಕೆ? ಗಾಳಿಯಾಡದ ಕೋಣೆ, ಒತ್ತೊತ್ತಾಗಿ ಮಲಗುವ ಜನ, ಮೊದಲೇ ಸೊರಗಿದ ಮೈ. ಒಬ್ಬ ಕೆಮ್ಮಿದರೆ ಸಾಕು, ಕಣ್ಣಿಗೆ ಕಾಣದ ಹನಿ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ.

ಈ ರೋಗದ ಲೆಕ್ಕ ಹಾಕುವುದನ್ನು ದೇಶಕ್ಕೆ ಕಲಿಸಿದ್ದೇ ನಮ್ಮ ಬೆಂಗಳೂರು ಎಂದರೆ ಅತಿಶಯವಲ್ಲ. ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ ಉದ್ಘಾಟಿಸಿದ್ದು 1960ರ ಸೆಪ್ಟೆಂಬರ್‌ನಲ್ಲಿ. ಅಲ್ಲಿನವರು ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು 1961ರಿಂದ 1968ರವರೆಗೆ ಮತ್ತೆ ಮತ್ತೆ ಸುತ್ತಿ, ಮನೆಮನೆಯ ಜನರ ಕಫ, ಎಕ್ಸ್-ರೇ ನೋಡಿದರು. ಕಫದಲ್ಲಿ ರೋಗಾಣು ಕಂಡವರ ಪೈಕಿ ಸುಮಾರು ಅರ್ಧದಷ್ಟು ಜನ ಐದು ವರ್ಷದೊಳಗೆ ಸತ್ತಿದ್ದರು; ಮೂರರಲ್ಲೊಂದು ಪಾಲು ತಾವಾಗಿ ವಾಸಿಯಾಗಿದ್ದರು; ಮಿಕ್ಕವರು ಇನ್ನೂ ರೋಗಾಣು ಹೊರಹಾಕುತ್ತಲೇ ಇದ್ದರು. ಓದುವಾಗ ಎದೆ ಝಲ್ಲೆನ್ನುತ್ತದೆ.

ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು ಅಧ್ಯಯನ. ಅದೇ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಕೂರಿಸಿಕೊಂಡು ಮಾತಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಪೇಟೆಯ ದೊಡ್ಡವರು ಹೇಳುತ್ತಿದ್ದ ಕಾಲ ಅದು. 1963ರಲ್ಲಿ ಪ್ರಕಟವಾದ ಅವರ ವರದಿ ಬೇರೆಯೇ ಹೇಳಿತು. ಬಹುತೇಕ ರೋಗಿಗಳಿಗೆ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಯ ಬಾಗಿಲಿಗೂ ಬಂದಿದ್ದರು. ಕೈಗೊಂದು ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ಅವರನ್ನು ವಾಪಸು ಕಳಿಸಲಾಗಿತ್ತು, ಅಷ್ಟೆ! ರೋಗಿ ಬರಲಿಲ್ಲ ಎಂಬ ಸುಳ್ಳನ್ನು ಒಡೆದದ್ದು ಅಂಕಿಸಂಖ್ಯೆ.

ಜೈಲಿನಲ್ಲಿ ಆ ಬಾಗಿಲೂ ರೋಗಿಯ ಕೈಯಲ್ಲಿಲ್ಲ. ಕೆಮ್ಮು ಬಂದರೆ ಅವನು ಮೊದಲು ವಾರ್ಡರನನ್ನು ಕೇಳಬೇಕು, ವಾರ್ಡರನಿಗೆ ಅದು ರೋಗವೆಂದು ತೋರಬೇಕು. ಇಡೀ ಜಗತ್ತಿನ ಜೈಲುಗಳಲ್ಲಿ 2019ರ ಒಂದೇ ವರ್ಷ ಸುಮಾರು 1,25,000 ಮಂದಿಗೆ ಕ್ಷಯ ಬಂದಿರಬೇಕೆಂದೂ, ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಪತ್ತೆಯೇ ಆಗಲಿಲ್ಲವೆಂದೂ ಸಂಶೋಧಕರು ಅಂದಾಜು ಮಾಡಿದ್ದಾರೆ. ನಮ್ಮ ದೇಶದಲ್ಲಿ 2022ರ ಕೊನೆಗೆ ಜೈಲಿನಲ್ಲಿದ್ದ 5,73,220 ಮಂದಿಯಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ತಪ್ಪು ಮಾಡಿದ್ದಾರೆಂದು ಯಾವ ಕೋರ್ಟೂ ಇನ್ನೂ ಹೇಳದವರು. ಇಂದು ಬಂದು ನಾಳೆ ಜಾಮೀನಿನ ಮೇಲೆ ಹೋಗುವವರು. ಕ್ಷಯದ ಮಾತ್ರೆಯೋ, ಆರು ತಿಂಗಳು ತಪ್ಪದೆ ನುಂಗಬೇಕು.

ಈ ಎರಡು ಲೆಕ್ಕ ಹೊಂದದಿದ್ದರೆ ಏನಾಗುತ್ತದೆಂದು ಕೆಂಗೇರಿಯ ನಮ್ಮ ಬೀದಿಯಲ್ಲೇ ಕಂಡೆ. ಹೂ ಕಟ್ಟಿ ಮಾರುವ ಒಬ್ಬಾಕೆಯ ಮಗ ಜಾಮೀನಿನ ಮೇಲೆ ಬಂದ. ಒಳಗಿದ್ದಾಗ ಎರಡು ತಿಂಗಳು ಮಾತ್ರೆ ತೆಗೆದುಕೊಂಡಿದ್ದನಂತೆ. ಬಿಡುಗಡೆಯ ಕಾಗದ ಸಂಜೆ ಬಂತು, ರಾತ್ರಿ ಮನೆ ಸೇರಿದ. ಚೀಟಿ, ಮಾತ್ರೆ ಎರಡೂ ಅಲ್ಲೇ ಉಳಿದವು. ಕೆಮ್ಮು ನಿಂತಿತ್ತಲ್ಲ, ಮೂರು ವಾರ ಸುಮ್ಮನಿದ್ದ. ಅಷ್ಟು ಸಾಕು, ರೋಗಾಣು ಔಷಧಿಗೆ ಮಣಿಯದೆ ಹಟಹಿಡಿಯುವುದಕ್ಕೆ.

ತಾಯಿಯ ಚಿಂತೆಯೇ ಬೇರೆ. “ಅಕ್ಕಾ, ಹುಡುಗಿಗೆ ಗಂಡು ನೋಡ್ತಾ ಇದೀವಿ. ಜೈಲಿನ ವಿಷಯ ಹೇಗೋ ಮುಚ್ಚಿಟ್ಟೆ. ಇದೂ ಗೊತ್ತಾದರೆ ಯಾರು ಬರ್ತಾರೆ?” ಎಂದಳು. ಮೈಸೂರಿನಲ್ಲಿ ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನೇ 1921ರಲ್ಲಿ ಆರಂಭವಾದ ಕ್ಷಯದ ಆಸ್ಪತ್ರೆಗೆ ಇಟ್ಟರು. ಅರಮನೆ ಬಚ್ಚಿಡದ ರೋಗವನ್ನು ನಮ್ಮ ವಠಾರಗಳು ಬಚ್ಚಿಡುತ್ತವೆ.

ಆ ಹುಡುಗನನ್ನು ಮತ್ತೆ ದಾರಿಗೆ ತಂದದ್ದು ‘ನಿಕ್ಷಯ್’ ಎಂಬ ಕಂಪ್ಯೂಟರ್ ದಾಖಲೆ. 2012ರಲ್ಲಿ ಪ್ರತಿ ಕ್ಷಯರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂದು ನಿಯಮವಾಯಿತು, ಅದೇ ವರ್ಷ ಇದೂ ಶುರುವಾಯಿತು. ಒಬ್ಬ ರೋಗಿಗೆ ಒಂದು ಸಂಖ್ಯೆ. ಊರು ಬದಲಾದರೆ ಹೆಸರನ್ನು ಅಲ್ಲಿನ ಆಸ್ಪತ್ರೆಗೆ ವರ್ಗಾಯಿಸಬಹುದು. ಆಶಾ ಕಾರ್ಯಕರ್ತೆ ಅವನ ಹಳೆಯ ಸಂಖ್ಯೆ ಹುಡುಕಿಸಿದಳು. ಯಾವ ಮಾತ್ರೆ, ಎಷ್ಟು ದಿನ, ಕಫದ ಫಲಿತಾಂಶ ಏನು, ಎಲ್ಲ ಸಿಕ್ಕಿತು. ವರ್ಗಾಯಿಸುವ ಗುಂಡಿ ಮಾತ್ರ ಯಾರೂ ಒತ್ತಿರಲಿಲ್ಲ.

ಇಲಾಖೆಯವರು ಇದನ್ನು ಸರ್ವೇಕ್ಷಣೆ ಎನ್ನುತ್ತಾರೆ, ಪತ್ರಿಕೆಯವರು ಕಣ್ಗಾವಲು ಎನ್ನುತ್ತಾರೆ. ಎರಡನೆಯ ಮಾತು ಕೇಳಿದರೆ ನನಗೆ ಫ್ರೀಡಂ ಪಾರ್ಕಿನ ಗೋಪುರವೇ ನೆನಪಾಗುತ್ತದೆ. ಕಾವಲಿನ ಕಣ್ಣಿಗೆ ಕೈದಿ ಗೋಡೆ ದಾಟದಿದ್ದರೆ ಸಾಕು. ರೋಗದ ಲೆಕ್ಕಕ್ಕೆ ಹಾಗಲ್ಲ, ಅವನು ಗೋಡೆ ದಾಟಿದ ಮೇಲೇ ಅದರ ನಿಜವಾದ ಕೆಲಸ. ಬಿಡುಗಡೆಯ ಕಾಗದಕ್ಕೆ ಸಹಿ ಬೀಳುವ ಮೊದಲು ಹದಿನೈದು ದಿನದ ಮಾತ್ರೆ ಮತ್ತು ಆ ಸಂಖ್ಯೆ ಬರೆದ ಚೀಟಿ ಕೈಗೆ ಕೊಡಲು ಎಷ್ಟು ಹೊತ್ತು ಬೇಕು?

ಆ ತಾಯಿ ಆಶಾ ಕಾರ್ಯಕರ್ತೆಯನ್ನು ಕೇಳಿದ್ದು ಮತ್ತೊಂದು: ಹಳೆಯ ವಿಳಾಸ ಆ ಕಂಪ್ಯೂಟರಿನಲ್ಲಿ ಹಾಗೇ ಇರುತ್ತದಾ, ಯಾರು ಬೇಕಾದರೂ ನೋಡಬಹುದಾ? ಚಿಕಿತ್ಸೆ ಮಾಡುವವರು ಮಾತ್ರ ನೋಡುತ್ತಾರೆ ಎಂದು ಆಕೆ ಹೇಳಿದಳು. ತಾಯಿ ತಲೆಯಾಡಿಸಿದಳು. ಆದರೂ ಮಗನ ಮಾತ್ರೆ ತರಲು ಪಕ್ಕದ ಆಸ್ಪತ್ರೆ ಬಿಟ್ಟು ಎರಡು ಸ್ಟಾಪ್ ಆಚೆಯ ಆಸ್ಪತ್ರೆಗೇ ಹೆಸರು ಹಾಕಿಸಿಕೊಂಡಳು.