ಮ್ಯೂನಿಕ್ ನಗರಸಭೆಯ ಗಣಕವ್ಯವಸ್ಥೆಯ ಪರಿವರ್ತನೆ

ಜರ್ಮನಿಯ ಮ್ಯೂನಿಕ್ ನಗರಸಭೆಯು 2003ನೆಯ ಇಸವಿಯ ಮೇ ತಿಂಗಳಲ್ಲಿ, ತನ್ನ ಕಚೇರಿಗಳ ಸುಮಾರು 14,000 ಗಣಕಯಂತ್ರಗಳಿಂದ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸನ್ನು ತೆಗೆದು, ಮೂಲಲೇಖವು ಸರ್ವರಿಗೂ ತೆರೆದಿರುವ ಲಿನಕ್ಸನ್ನು ನೆಲೆಗೊಳಿಸಬೇಕೆಂದು ನಿಶ್ಚಯಿಸಿತು. ಅದಕ್ಕೆ ಕೆಲವು ವಾರಗಳ ಮೊದಲು ಆ ಸಂಸ್ಥೆಯ ಮುಖ್ಯಾಧಿಕಾರಿ ಸ್ಟೀವ್ ಬಾಲ್ಮರ್ ತಾವೇ ಬಂದು ನಗರಾಧ್ಯಕ್ಷ ಕ್ರಿಸ್ಟಿಯಾನ್ ಊಡೆಯವರನ್ನು ಕಂಡು ಬೆಲೆಯನ್ನು ಇಳಿಸಲೊಪ್ಪಿದರೂ ಫಲಿಸಲಿಲ್ಲ. ಆದುದರಿಂದ ಈ ನಿರ್ಣಯಕ್ಕೆ ದ್ರವ್ಯಲಾಭವೊಂದೇ ಕಾರಣವೆಂಬ ಮಾತು ನಿಲ್ಲಲಾರದು; ಪರಾಧೀನತೆಯ ಭಯವೇ ಪ್ರಧಾನವೆಂದು ನಮಗೆ ತೋರುತ್ತದೆ.

ಕಾರ್ಯವು 2006ರಲ್ಲಿ ಮೊದಲಾಗಿ 2013ರಲ್ಲಿ ಮುಗಿಯಿತು. ಇಷ್ಟು ವಿಳಂಬವೇಕೆ? ಯಂತ್ರದ ವ್ಯವಸ್ಥೆಯನ್ನು ಬದಲಿಸುವುದು ಸುಲಭ. ಹಳೆಯದನ್ನೇ ನಂಬಿ ಒಂದೊಂದು ಇಲಾಖೆಯೂ ತನಗೆ ತೋರಿದಂತೆ ರಚಿಸಿಕೊಂಡಿದ್ದ ನಮೂನೆಪತ್ರಗಳನ್ನು ಹೊಸದಕ್ಕೆ ಒಗ್ಗಿಸುವುದು ಕಠಿನ. ತಿಗಳಾರಿಯ ಓಲೆಗಳನ್ನು ಕನ್ನಡ ಲಿಪಿಗೆ ಇಳಿಸಿದವರು ಈ ಶ್ರಮವನ್ನು ಬಲ್ಲರು. ಇದಕ್ಕಾಗಿ ನಗರಸಭೆಯವರೇ ವೋಲ್‌ಮುಕ್ಸ್ ಎಂಬ ಸಾಧನವನ್ನು ನಿರ್ಮಿಸಿ, 2008ರಲ್ಲಿ ಅದರ ಮೂಲವನ್ನು ಲೋಕಕ್ಕೆ ಬಿಟ್ಟುಕೊಟ್ಟರು.

ಆದರೂ 2017ರ ನವೆಂಬರಿನಲ್ಲಿ ಸಭೆಯು ವಿಂಡೋಸಿಗೆ ಮರಳಲು ನಿಶ್ಚಯಿಸಿತು. ಮೈಕ್ರೋಸಾಫ್ಟಿನ ಜರ್ಮನ್ ಮುಖ್ಯ ಕಚೇರಿಯು 2016ರಲ್ಲಿ ಮ್ಯೂನಿಕ್ ನಗರದೊಳಕ್ಕೆ ಬಂದುದೇ ಇದಕ್ಕೆ ಹೇತುವೆಂದು ಕೆಲವರು ಊಹಿಸುವರು. ಪೌರ್ವಾಪರ್ಯಮಾತ್ರದಿಂದ ಕಾರ್ಯಕಾರಣಭಾವವು ಸಿದ್ಧಿಸದಾಗಿ ನಾವು ಇದನ್ನು ಒಪ್ಪಲಾರೆವು. 2020ರ ಮೇ ತಿಂಗಳಲ್ಲಿ ಹಸಿರು ಪಕ್ಷದವರೂ ಸೋಷಿಯಲ್ ಡೆಮೊಕ್ರಾಟರೂ ಮಾಡಿಕೊಂಡ ಒಡಂಬಡಿಕೆಯಲ್ಲಿ, ಸಾಧ್ಯವಿದ್ದೆಡೆಯಲ್ಲೆಲ್ಲ ಮುಕ್ತಮೂಲವನ್ನೇ ಬಳಸತಕ್ಕುದೆಂಬ ಮಾತು ಪುನಃ ಸೇರಿತು.