ಅಂಕಣ ಮೊದಲು, ಗೋಡೆ ಆಮೇಲೆ

ಯಲಬುರ್ಗಾ, ಕುಷ್ಟಗಿ ಸೀಮೆಯ ಹಳೆಯ ಮಾಳಿಗೆ ಮನೆಯ ಒಳಗೋಡೆ ತೆಗೆದು ಒಂದೇ ದೊಡ್ಡ ಹಾಲ್ ಮಾಡುವ ಮಾತು ಬಂದರೆ, ಅದು ಪಟ್ಟಣದಿಂದ ಬಂದ ಚಾಳಿ ಎನ್ನುವವರಿದ್ದಾರೆ. ಮನೆಯ ರಚನೆ ಬೇರೆಯದನ್ನೇ ಹೇಳುತ್ತದೆ. ಈ ಮನೆಗಳನ್ನು ಅಳೆದದ್ದು ಕೋಣೆಗಳಿಂದಲ್ಲ, ಅಂಕಣಗಳಿಂದ. ನಾಲ್ಕು ಕಂಬಗಳ ನಡುವಿನ ಜಾಗವೇ ಅಂಕಣ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ, ಎಲ್ಲದರ ಮೇಲೆ ಮಾಳಿಗೆಯ ಮಣ್ಣು. ಪಡಸಾಲೆಯ ತಗ್ಗಿನ ಬದಿಗೆ ದನಗಳ ಗೋದಲಿ, ಎತ್ತರದ ಬದಿಗೆ ಜನರ ಊಟ, ನಿದ್ದೆ, ಕಾಳು ಹಸನು ಮಾಡುವ ಕೆಲಸ. ಎರಡನ್ನೂ ಬೇರೆ ಮಾಡುತ್ತಿದ್ದದ್ದು ಗೋಡೆಯಲ್ಲ, ನೆಲದ ಏರಿಳಿತ. ಬೆಳಕು ಮೇಲಿನ ಬೆಳಕಿಂಡಿಯಿಂದ ಇಳಿಯುತ್ತಿತ್ತು. ನಡುವೆ ಗೋಡೆ ಎದ್ದರೆ ಅರ್ಧ ಮನೆಗೆ ಕತ್ತಲೆ.

ಹಾಗಂತ ಎಲ್ಲ ಗೋಡೆಯೂ ಬರಿಯ ಮರೆಯಲ್ಲ. 1112ರ ಇಟಗಿ ಮಹಾದೇವ ಗುಡಿಯಲ್ಲಿ ಎರಡೂ ಬಗೆಯ ಕಟ್ಟೋಣ ಒಟ್ಟಿಗಿವೆ: ಗರ್ಭಗುಡಿಯ ದಪ್ಪ ಗೋಡೆ ಶಿಖರ ಹೊತ್ತಿದೆ, ಒಂದು ಕಾಲಕ್ಕೆ 68 ಕಂಬಗಳಿದ್ದ ಮುಂದಿನ ಮಂಟಪ ಬಯಲಿಗೆ ತೆರೆದುಕೊಂಡಿದೆ. ಕಲ್ಲಿನ ಗುಡಿಗೂ ಮಣ್ಣಿನ ಮನೆಗೂ ಎಲ್ಲಿಯ ಹೋಲಿಕೆ ಎನ್ನಬಹುದು. ಸಾಮಗ್ರಿ ಬೇರೆ, ನಿಜ. ಆದರೆ ಅಂಕಣ ಎಂಬ ಮಾತು ಗುಡಿಗೂ ಮನೆಗೂ ಒಂದೇ, ಭಾರ ನೆಲಕ್ಕಿಳಿಯುವ ದಾರಿಯೂ ಒಂದೇ. ಕಂಬಕ್ಕೆ ಕಟ್ಟಿಗೆ ಸಾಲದ ಮನೆಯಲ್ಲಿ ಜಂತಿಯ ತುದಿ ನೇರ ಗೋಡೆಯ ಮೇಲೆ ಕೂತಿರುತ್ತದೆ. ಅಂಥ ಗೋಡೆ ತೆಗೆದರೆ ಮೊದಲ ಮುಂಗಾರಿಗೆ ನೆನೆದು ತೂಕವೇರಿದ ಮಾಳಿಗೆಯೇ ಕುಸಿದೀತು.

ತೆಗೆಯಬಹುದಾದದ್ದು ಹೆಚ್ಚಾಗಿ ಅಣ್ಣತಮ್ಮಂದಿರ ಪಾಲಿನಲ್ಲಿ ಎದ್ದ ಗೋಡೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮಿನಂತೆ, ಗಂಡುಮಕ್ಕಳು ಒಪ್ಪಿ ಪಾಲಾಗುವವರೆಗೆ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೇಳುವ ಹಕ್ಕು ಹೆಣ್ಣುಮಕ್ಕಳಿಗಿರಲಿಲ್ಲ. 2005ರಲ್ಲಿ ಆ ಕಲಮು ಹೋಯಿತು. ಪಾಲಿನ ಗೋಡೆ ಯಾರ ಇಚ್ಛೆಯಿಂದ ಎದ್ದಿತೆಂಬುದಕ್ಕೆ ಇಷ್ಟು ಸಾಕು. ಅದು ಮನೆತನದ ಗುರುತು, ಉಳಿಯಲಿ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ಇನ್ನೊಂದು ಆಕ್ಷೇಪಕ್ಕೆ ತಲೆಬಾಗುತ್ತೇನೆ: ತೆರೆದ ಪಡಸಾಲೆ ಗಂಡಸರದಾಗಿತ್ತು, ಹೆಂಗಸರಿಗೆ ಅಡುಗೆಮನೆಯೊಂದೇ ಮರೆ. ಬಾಗಿಲಿರುವ ಒಂದು ಕೋಣೆ ಅವರಿಗೆ ಸಿಕ್ಕಿದ್ದರೆ ಅದನ್ನು ಅಂದಕ್ಕಾಗಿ ಒಡೆಯಬಾರದು. ಉಳಿದ ಗೋಡೆಗೆ ಹಾರೆ ಹಾಕುವ ಮೊದಲು ಏಣಿ ಹತ್ತಿ, ಜಂತಿಯ ತುದಿ ಎಲ್ಲಿ ಕೂತಿದೆ ನೋಡಿ.